ಹಳದಿ ದಾರದ ಒಂಬತ್ತು ವ್ಯಾನುಗಳು

ನನ್ನ ಅಕ್ಕ ಕಳ್ಳಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಅವಳನ್ನು ಹೊಗಳಬೇಕಾಗಿ ಬರುತ್ತದೆ, ಆಗ ಈ ಮಾತು ಮರೆತುಹೋದೀತು. ಇಪ್ಪತ್ತೆರಡು ವರ್ಷಗಳಿಂದ ಅವಳು ನನ್ನ ದಾರ ಕದಿಯುತ್ತಿದ್ದಾಳೆ.

ನಮ್ಮಿಬ್ಬರದೂ ಒಂದೇ ಶೆಡ್ಡು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ಸಿಮೆಂಟು ನೆಲ, ನಡುವೆ ಆಳೆತ್ತರದ ಹಲಗೆಯ ಗೋಡೆ. ಗೋಡೆಯ ಈಚೆ ನಾನು ಕಾರಿನ ಸೀಟುಗಳಿಗೆ ಕವರ್ ಹೊಲಿಯುತ್ತೇನೆ. ಆಚೆ ಅಕ್ಕ ವಾಹನಗಳ ವೈರಿಂಗ್ ಕೆಲಸ ಮಾಡುತ್ತಾಳೆ. ವೈರು ಜೋಡಿಸಿ ಟೇಪು ಸುತ್ತಿದ ಮೇಲೆ, ಬಿಸಿಗೆ ಟೇಪು ಬಿಚ್ಚಿಕೊಳ್ಳದಿರಲಿ ಎಂದು ಅದರ ಮೇಲೆ ನನ್ನ ನೈಲಾನ್ ದಾರದಿಂದ ಎರಡು ಗಂಟು ಹಾಕುತ್ತಾಳೆ. ಒಂದು ವರ್ಷಕ್ಕೆ ಒಂದೇ ಬಣ್ಣ. ಯಾವ ವಾಹನ ಮತ್ತೆ ಬಂದರೂ ದಾರ ನೋಡಿ, ಈ ಕೆಲಸ ನನ್ನದು, ಇಂಥ ವರ್ಷದ್ದು ಎಂದು ಹೇಳುತ್ತಾಳೆ. "ಒಂದು ಉಂಡೆ ದಾರ ನೀನೇ ತಗೊಂಡ್ರೆ ಏನು ಗಂಟು ಹೋಗುತ್ತೆ ನಿಂದು?" ಎಂದು ನಾನು ಕೂಗಾಡುತ್ತೇನೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಅವಳು ಈ ಕೆಲಸ ಕಲಿತದ್ದು ಬಸ್ ಡಿಪೋದಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಸೇರಿಸಿಕೊಂಡದ್ದು ಗುಡಿಸುವುದಕ್ಕೆ. ಒಂದು ದಿನ ಬಸ್ಸಿನ ಮೀಟರ್ ಹಲಗೆಯ ಹಿಂದೆ ಬಿದ್ದ ನಟ್ಟು ತೆಗೆಯಲು ಯಾರ ಕೈಯೂ ತೂರದಿದ್ದಾಗ ಇವಳ ಕೈ ತೂರಿತು. ನಟ್ಟಿನ ಜೊತೆಗೆ, ಮೂರು ದಿನದಿಂದ ಯಾರಿಗೂ ಸಿಕ್ಕಿರದ ಸಡಿಲ ವೈರನ್ನೂ ಹಿಡಿದುಕೊಂಡೇ ಕೈ ಹೊರಗೆ ಬಂತು. ಅಂದಿನಿಂದ ಪೊರಕೆ ಬೇರೆಯವರ ಪಾಲಾಯಿತು. ಯಾವ ಸಂದಿಯಲ್ಲಾದರೂ ನುಗ್ಗುತ್ತಾಳೆಂದು ಡಿಪೋದವರು ಅವಳನ್ನು 'ಇರುವೆ' ಎಂದು ಕರೆದರು. ಈಗಲೂ ಗಿರಾಕಿಗಳಿಗೆ ಅವಳು ಇರುವೆಯಕ್ಕ. ಹೆಸರಿಗೆ ತಕ್ಕ ಹಟ, ಹೆಸರಿಗೆ ತಕ್ಕ ಕಡಿತ, ಎರಡೂ ಇವೆ.

ಡಿಪೋದ ಮುದಿ ಮೇಸ್ತ್ರಿ ಅವಳಿಗೆ ಕಲಿಸಿದ್ದು ಬಹಳ. ಕರೆಂಟು ಅಳೆಯುವ ಮೀಟರ್ ಹಿಡಿಯುವ ಮೊದಲು ಕಣ್ಣು ಮುಚ್ಚಿ, ವೈರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಎಳೆಯಬೇಕು. ಒಳಗೆ ತಾಮ್ರದ ಎಳೆ ತುಂಡಾದ ಕಡೆ ಬೆರಳಿಗೆ ಮೆತ್ತಗಿನ ತಗ್ಗು ಸಿಗುತ್ತದೆ. ಅಕ್ಕ ಇವತ್ತಿಗೂ ಹಾಗೆಯೇ ನೋಡುವುದು. ಮೇಸ್ತ್ರಿ ಇನ್ನೊಂದು ಮಾತನ್ನೂ ಹೇಳಿಕೊಟ್ಟಿದ್ದರು: ಬಾಗುವ ಜಾಗದಲ್ಲಿ ಬೆಸುಗೆ ಹಾಕಬೇಡ. ಬೆಸುಗೆ ಬಿದ್ದ ವೈರು ಕಡ್ಡಿಯಂತೆ ಸೆಟೆಯುತ್ತದೆ. ಬಾಗಿದಾಗೆಲ್ಲ ಭಾರವೆಲ್ಲ ಅದರ ಅಂಚಿನ ಮೇಲೆ ಬಿದ್ದು, ಅಲ್ಲೇ ಒಂದೊಂದೇ ಎಳೆ ತುಂಡಾಗುತ್ತದೆ.

ಈ ಮಾತನ್ನು ಅವಳು ಹದಿನೈದು ವರ್ಷ ಚಾಚೂ ತಪ್ಪದೆ ನಡೆಸಿದಳು. ಆಮೇಲೆ ಒಂದು ವರ್ಷ ಮರೆತಳು. ಮರೆತಳು ಎಂದರೆ ನಾನು ಅವಳ ಪರ ವಹಿಸಿದ ಹಾಗಾಗುತ್ತದೆ. ಮೀರಿದಳು.

ಆ ವರ್ಷ ಭಾವ ಅವಳಿಗೆ ಹೊಸ ಬೆಸುಗೆಯ ಕಡ್ಡಿ ತಂದುಕೊಟ್ಟಿದ್ದರು. ಬೇರೆ ಗಂಡಂದಿರು ಹೆಂಡತಿಗೆ ಉಂಗುರ ತರುತ್ತಾರೆ. ನಮ್ಮ ಭಾವ ತಂದದ್ದು ಮುಟ್ಟಿದರೆ ಬೊಬ್ಬೆ ಬರುವ ಸಾಮಾನು, ಅದಕ್ಕೆ ಇವಳ ಮುಖ ಅರಳಿದ ಪರಿ ನೋಡಬೇಕಿತ್ತು. ಅವಳ ಬೆಸುಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬೇರೆ ಗ್ಯಾರೇಜಿನವರೂ ಬಂದು ನೋಡಿ ತಲೆದೂಗಿದರು. ಹೊಗಳಿಕೆ ನನ್ನ ಅಕ್ಕನ ತಲೆಗೂ ಏರುತ್ತದೆ ಎಂದು ನನಗೆ ಗೊತ್ತಾದದ್ದು ಆ ವರ್ಷ.

ಅದೇ ಹೊತ್ತಿಗೆ ಜಾರುಬಾಗಿಲಿನ ವ್ಯಾನುಗಳು ಒಂದರ ಹಿಂದೆ ಒಂದು ಬರತೊಡಗಿದವು. ಅಜ್ಜಿ, ಮೊಮ್ಮಗು, ಮಡಚುವ ತಳ್ಳುಗಾಡಿ, ಎಲ್ಲವೂ ಹಿಡಿಸುವ ದೊಡ್ಡ ಮನೆಬಳಕೆಯ ವ್ಯಾನು. ಅದರ ಬಾಗಿಲಿಗೆ ಬೀಗ, ಕಿಟಕಿ, ಮೋಟರು ಎಲ್ಲಕ್ಕೂ ವಿದ್ಯುತ್ ಬೇಕು. ಅಷ್ಟೂ ವೈರುಗಳು ಒಂದು ರಬ್ಬರ್ ಕೊಳವೆಯೊಳಗೆ ಸೇರಿ, ವ್ಯಾನಿನ ಮೈಯಿಂದ ಬಾಗಿಲಿಗೆ ದಾಟುತ್ತವೆ. ಬಾಗಿಲು ಜಾರಿದಾಗೆಲ್ಲ ಆ ಕೊಳವೆ ಮಡಚಿ ಬಿಚ್ಚಬೇಕು. ಮಕ್ಕಳಿರುವ ಮನೆಯಲ್ಲಿ ಅದು ಬಾಗಿಲಲ್ಲ, ಆಟದ ಸಾಮಾನು. ಎರಡು ಮೂರು ವರ್ಷದಲ್ಲಿ ಒಳಗಿನ ವೈರು ಸೋಲುತ್ತದೆ. ಸರಿಯಾಗಿ ಮಾಡಬೇಕಾದರೆ ಸೀಟು ಬಿಚ್ಚಿ, ಬಾಗಿಲ ಒಳಹಲಗೆ ಬಿಚ್ಚಿ, ಕೊಳವೆಯ ಉದ್ದಕ್ಕೂ ಹೊಸ ಮೆತ್ತನೆಯ ವೈರು ಎಳೆದು, ಏನೂ ಅಲುಗದ ಜಾಗದಲ್ಲಿ ಜೋಡಿಸಬೇಕು. ಅರ್ಧ ದಿನದ ಕೆಲಸ. ಅಕ್ಕ ಆ ವರ್ಷ ಕೊಳವೆಯ ನಡುವೆಯೇ ಸೀಳಿ, ತುಂಡಾದ ಕಡೆಯೇ ಹೊಳೆಯುವ ಬೆಸುಗೆ ಹಾಕಿ, ಮುಕ್ಕಾಲು ಗಂಟೆಯಲ್ಲಿ ಮುಗಿಸಿದಳು. ಮೇಸ್ತ್ರಿಯ ಮಾತು ಹಳೆಯ ಕಾಲದ ಕೆಟ್ಟ ಬೆಸುಗೆಗೆ, ತನ್ನ ಬೆಸುಗೆಗಲ್ಲ ಎಂದುಕೊಂಡಳು. ಒಂಬತ್ತು ವ್ಯಾನುಗಳಿಗೆ ಹೀಗೆ ಮಾಡಿದಳು. ಆ ವರ್ಷ ನನ್ನಿಂದ ಕದ್ದದ್ದು ಹಳದಿ ದಾರ.

ಐದು ವರ್ಷ ಏನೂ ಆಗಲಿಲ್ಲ.

ಆರನೇ ವರ್ಷದ ಒಂದು ಮಧ್ಯಾಹ್ನ, ಕೆಟ್ಟ ವಾಹನ ಎಳೆದು ತರುವ ಲಾರಿಯೊಂದು ನೀಲಿ ವ್ಯಾನನ್ನು ನಮ್ಮ ಶೆಡ್ಡಿನ ಮುಂದೆ ಇಳಿಸಿತು. ಎಡಗಡೆಯ ಜಾರುಬಾಗಿಲಿನ ಕೆಳಗೆ ಬಣ್ಣ ಸುಟ್ಟು ಗುಳ್ಳೆ ಎದ್ದಿತ್ತು. ವ್ಯಾನಿನವಳು ಮಕ್ಕಳಿಗೆ ಈಜು ಕಲಿಸುವವಳು, ಅವಳಿ ಹೆಣ್ಣುಮಕ್ಕಳ ತಾಯಿ. ಶಾಲೆಯ ಗೇಟಿನ ಮುಂದೆ ನಿಲ್ಲಿಸಿದ್ದಾಳೆ, ಬಾಗಿಲು ತೆರೆಯಲಿಲ್ಲ, ಕೊಳವೆಯ ಕಡೆಯಿಂದ ಹೊಗೆ ಬಂತು. ಇಬ್ಬರು ಮಕ್ಕಳನ್ನೂ ಮುಂದಿನ ಸೀಟಿನ ಮೇಲಿಂದ ಎಳೆದುಕೊಂಡು, ಈಜುಕೊಳದಿಂದ ತಂದಿದ್ದ ಒದ್ದೆ ಟವೆಲುಗಳನ್ನು ಒತ್ತಿ ಬೆಂಕಿ ನಂದಿಸಿದ್ದಳು. ಹಿಂದಿನ ತಿಂಗಳು ಫ್ಯೂಸ್ ಎರಡು ಸಲ ಸುಟ್ಟಿತ್ತಂತೆ. ಅವಳ ತಮ್ಮ, ಪದೇ ಪದೇ ಸುಡುವ ಕಾಟವೇ ಬೇಡವೆಂದು, ದೊಡ್ಡ ಫ್ಯೂಸ್ ಹಾಕಿಕೊಟ್ಟಿದ್ದ. ಸಣ್ಣದಿದ್ದಿದ್ದರೆ ಅದು ಸುಟ್ಟು ಎಲ್ಲ ನಿಲ್ಲುತ್ತಿತ್ತು. ದೊಡ್ಡದು ಸುಡಲಿಲ್ಲ, ವೈರು ಸುಟ್ಟಿತು.

"ಇಲಿ ಕಡಿದಿರುತ್ತೆ," ಎಂದ ಲಾರಿಯವನು.

"ಹೌದು, ನಮ್ಮ ಮನೆ ಗ್ಯಾರೇಜಲ್ಲಿ ಇಲಿ ಕಾಟ ಇದೆ," ಎಂದಳು ಈಜಿನವಳು.

ಅಕ್ಕ ಕೊಳವೆ ಸೀಳಿದಳು. ಕರಗಿದ ಟೇಪಿನ ನಡುವೆ ಒಂದು ಗಂಟು ಮಾತ್ರ ಹಾಗೆಯೇ ಉಳಿದಿತ್ತು. ಹಳದಿ. ಬೆಸುಗೆಯೂ ಹಾಗೆಯೇ ಹೊಳೆಯುತ್ತಿತ್ತು, ಅದರ ಅಂಚಿನಲ್ಲಿ ವೈರು ಕತ್ತರಿಸಿದ ಹಾಗೆ ತುಂಡಾಗಿತ್ತು. ದಾರ ನನ್ನದಲ್ಲವೇ, ನನಗೆ ಗುರುತು ಸಿಗದಿರುತ್ತದೆಯೇ? ನಾನು ಅವಳ ಪಕ್ಕಕ್ಕೆ ಬಗ್ಗಿ ಪಿಸುಗುಟ್ಟಿದೆ.

"ಇಲಿ ಅನ್ನು. ಅವರೇ ಹೇಳ್ತಿದ್ದಾರಲ್ಲ. ಇಲಿ ಅಂದ್ಬಿಡು, ಮುಗೀತು."

ನಾನು ಕೆಟ್ಟವಳಲ್ಲ. ಆದರೆ ಇಪ್ಪತ್ತು ವರ್ಷ ಕಟ್ಟಿದ ಹೆಸರು ಒಂದು ಮಧ್ಯಾಹ್ನಕ್ಕೆ ಮಣ್ಣುಪಾಲಾಗುವುದು ಬೇಡವಾಗಿತ್ತು. ಒಂದು ಇಲಿಯ ತಲೆಯ ಮೇಲೆ ಗೂಬೆ ಕೂರಿಸಿದರೆ ಯಾರಿಗೆ ನಷ್ಟ? ಇಲಿಯೇನು ಬಂದು ಸಾಕ್ಷಿ ಹೇಳುವುದಿಲ್ಲ.

ಅಕ್ಕ ಎದ್ದು ನಿಂತು ಈಜಿನವಳ ಮುಖ ನೋಡಿ ಹೇಳಿದಳು: "ಇಲಿ ಅಲ್ಲಮ್ಮ. ನಾನು."

ಎಲ್ಲವನ್ನೂ ಹೇಳಿದಳು. ಬೆಸುಗೆ, ಮೇಸ್ತ್ರಿಯ ಮಾತು, ತನ್ನ ಜಂಬ, ಒಂದನ್ನೂ ಬಿಡಲಿಲ್ಲ. ದೊಡ್ಡ ಫ್ಯೂಸಿನ ಮೇಲೆ ಅರ್ಧ ತಪ್ಪು ಹೊರಿಸಬಹುದಿತ್ತು, ಆ ಮಾತು ಎತ್ತಿದರೂ "ಅದು ಆಮೇಲಿನದು, ಮೊದಲಿನದು ನಂದು" ಎಂದಳು.

"ನನ್ನ ಮಕ್ಕಳು ಆ ಬಾಗಿಲ ಪಕ್ಕದಲ್ಲೇ ಕೂರೋದು," ಎಂದಳು ಈಜಿನವಳು. ಆಮೇಲೆ ಕೇಳಿದಳು: "ಇಂಥವು ಇನ್ನೆಷ್ಟಿವೆ?"

"ಇನ್ನು ಎಂಟು."

"ಎಂಟನ್ನೂ ಹುಡುಕಿ ಸರಿ ಮಾಡಿ. ಅಲ್ಲೀವರೆಗೂ ನನ್ನದನ್ನ ಮುಟ್ಟಬೇಡಿ. ಇಲ್ಲೇ ಇರಲಿ, ನಿಮ್ಮ ಕಣ್ಣಮುಂದೆ."

ನೀಲಿ ವ್ಯಾನು ನಮ್ಮ ಶೆಡ್ಡಿನ ಬಾಯಿಗೆ ಅಡ್ಡಲಾಗಿ ನಿಂತಿತು. ದಿನಕ್ಕೆ ಹತ್ತು ಸಲ ಅದನ್ನು ಬಳಸಿಕೊಂಡು ಹೋಗುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಮಾತ್ರ ಮರುದಿನವೇ ಗೇಟಿಗೆ ಒಂದು ರಟ್ಟು ತೂಗುಹಾಕಿದಳು. ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ, ಎಂಟು ವ್ಯಾನು ಸಿಗುವವರೆಗೆ.

ಅಕ್ಕನಿಗೆ ಬರೆದಿಡುವ ಅಭ್ಯಾಸವಿಲ್ಲ. ವಾಹನಗಳನ್ನು ಅವುಗಳ ಕಾಯಿಲೆಯಿಂದ ನೆನಪಿಟ್ಟುಕೊಳ್ಳುತ್ತಾಳೆ. ನಾನು ಸೀಟಿನಿಂದ ನೆನಪಿಟ್ಟುಕೊಳ್ಳುತ್ತೇನೆ, ಕವರಿನ ಅಳತೆ ಕತ್ತರಿಸಿದ ಕಾಗದಗಳನ್ನೂ ಸುತ್ತಿ ಅಟ್ಟದ ಮೇಲೆ ಇಟ್ಟಿರುತ್ತೇನೆ. ಇಬ್ಬರೂ ನೆಲದ ಮೇಲೆ ಕಾಗದ ಹರಡಿಕೊಂಡು ಕೂತೆವು. "ಒಳದೀಪ ಮಿಣುಕ್ತಿತ್ತಲ್ಲ, ಆ ಕೆಂಪಿನದು," ಎಂದು ಅವಳು. "ಹಾಂ, ಮಗು ವಾಂತಿ ಮಾಡಿ ಮಧ್ಯದ ಸೀಟು ಪೂರ್ತಿ ಬದಲಾಯಿಸಿದ್ದೆ, ಸಂಗೀತದ ಮೇಡಮ್ದು," ಎಂದು ನಾನು. ಸಂಜೆಯೊಳಗೆ ಎಂಟೂ ಕಾಗದದ ಮೇಲೆ ಬಂದವು.

ಆರು ವ್ಯಾನುಗಳು ಹತ್ತೇ ದಿನದಲ್ಲಿ ಸಿಕ್ಕವು. ಇಬ್ಬರು ಬೈದರು, ಒಬ್ಬರು ಅತ್ತರು, ಸಂಗೀತದ ಮೇಡಮ್ಮು ಅಕ್ಕನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅಕ್ಕ ಬೈಗುಳವನ್ನೂ ಹೊಗಳಿಕೆಯನ್ನೂ ಒಂದೇ ಮುಖದಲ್ಲಿ ಕೇಳಿಸಿಕೊಂಡು, ಸೀಟು ಬಿಚ್ಚಿ, ಅರ್ಧ ದಿನದ ಕೆಲಸವನ್ನು ಅರ್ಧ ದಿನವೇ ಮಾಡಿದಳು. ಆರರಲ್ಲಿ ನಾಲ್ಕರ ವೈರು ಆಗಲೇ ತುಂಡಾಗತೊಡಗಿತ್ತು.

ಏಳನೆಯವರು ಹಲ್ಲಿನ ಡಾಕ್ಟರು. ಬಾಗಿಲು ಚೆನ್ನಾಗೇ ಇದೆ, ಕೆಲಸ ಹುಟ್ಟಿಸಿಕೊಳ್ಳಬೇಡಿ ಎಂದು ಫೋನ್ ಇಟ್ಟರು. ಅಕ್ಕ ಮೂರು ದಿನ ಅವರ ಕ್ಲಿನಿಕ್ಕಿನ ಮುಂದೆ ನಿಂತಳು. ಡಾಕ್ಟರು ಹಿಂಬಾಗಿಲಿಂದ ಹೋದರು. ನಾಲ್ಕನೇ ದಿನ ರೋಗಿಯಾಗಿ ಚೀಟಿ ಮಾಡಿಸಿ, ನನ್ನನ್ನೂ ಜೊತೆಗೆ ಕರೆದುಕೊಂಡು ಒಳಗೆ ಹೋಗಿ ಆ ಎತ್ತರದ ಕುರ್ಚಿಯ ಮೇಲೆ ಕೂತಳು. ಬುದ್ಧಿವಂತಿಕೆ ಅಲ್ಲಿಗೇ ಮುಗಿಯಿತು, ಬಾಯಿ ತೆರೆದು ಕೂತವಳು ಮಾತಾಡುವುದು ಹೇಗೆ? ಡಾಕ್ಟರು ಕನ್ನಡಿ ಕಡ್ಡಿ ಬಾಯಿಗೆ ಹಾಕಿದರು. ಅಕ್ಕ ಜೇಬಿನಿಂದ ನೀಲಿ ವ್ಯಾನಿನ ಸುಟ್ಟ ವೈರಿನ ತುಂಡು ತೆಗೆದು ಅವರ ಹೊಳೆಯುವ ತಟ್ಟೆಯ ಮೇಲೆ, ಇಕ್ಕಳಗಳ ಸಾಲಿನಲ್ಲಿ ಇಟ್ಟಳು. ಮಿಕ್ಕದ್ದನ್ನು ನಾನು ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. ಹೊರಗೆ ಕಾಯುತ್ತಿದ್ದವರೆಲ್ಲ ಕೇಳಿಸಿಕೊಂಡರು. ಡಾಕ್ಟರು ಕೀಲಿ ಕೊಟ್ಟರು. ಹುಳುಕು ಹಲ್ಲೊಂದಿದೆ ಎಂದೂ ಹೇಳಿದರು.

ಉಳಿದದ್ದು ಒಂದು. ಎಂಟನೆಯದು, ನೀಲಿಯದೂ ಸೇರಿಸಿದರೆ ಒಂಬತ್ತನೆಯದು. ಫೋಟೋ ತೆಗೆಯುವವರೊಬ್ಬರ ಬಿಳಿ ವ್ಯಾನು. ಅವರು ಅದನ್ನು ಮಾರಿದ್ದರು, ಕೊಂಡವರು ಬೇರೆ ಬಣ್ಣ ಬಳಿಸಿ ಇನ್ನೊಬ್ಬರಿಗೆ ಮಾರಿದ್ದರು, ಅಲ್ಲಿಂದ ಮುಂದೆ ದಾರಿ ಕಡಿದುಹೋಗಿತ್ತು. ಬಣ್ಣ ಗೊತ್ತಿಲ್ಲ, ಊರು ಗೊತ್ತಿಲ್ಲ, ನಂಬರೂ ಬದಲಾಗಿತ್ತು. ಅಕ್ಕ ಚೀಟಿ ಅಚ್ಚು ಹಾಕಿಸಿದಳು: ಬೂದು ಸೀಟುಗಳಿಗೆ ಹಸಿರು ಅಂಚಿನ ಕವರ್ ಇರುವ ಜಾರುಬಾಗಿಲಿನ ವ್ಯಾನು ನಿಮ್ಮದಾದರೆ ಕೂಡಲೇ ಫೋನ್ ಮಾಡಿ, ಬಾಗಿಲಿನ ವೈರಿಂಗ್ ಅಪಾಯದಲ್ಲಿದೆ. ಪೆಟ್ರೋಲ್ ಬಂಕು, ಶಾಲೆ, ಆಸ್ಪತ್ರೆ, ಬಸ್ಸಿನಲ್ಲಿ ಹೋಗಿ ಬರಬಹುದಾದ ಎಲ್ಲ ಊರುಗಳಲ್ಲೂ ಅಂಟಿಸಿ ಬಂದಳು. ಹದಿನಾಲ್ಕು ಫೋನ್ ಬಂದವು. ಹದಿನಾಲ್ಕು ಕಡೆಗೂ ಹೋದಳು, ಒಂದೂ ಆ ವ್ಯಾನಲ್ಲ. ಹಸಿರು ಅಂಚು ಆ ಕಾಲಕ್ಕೆ ಎಲ್ಲರೂ ಕೇಳುತ್ತಿದ್ದ ಅಂಚು.

ಎರಡು ತಿಂಗಳಾಯಿತು. ಅಕ್ಕ ಸೊರಗಿದಳು. ಊಟದ ಮಧ್ಯೆ ತುತ್ತು ಹಿಡಿದು, "ಈಗ ಅದರಲ್ಲಿ ಯಾರು ಕೂತಿರ್ತಾರೋ," ಎನ್ನುತ್ತಿದ್ದಳು. ಭಾವ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸುತ್ತಿದ್ದರು. "ಸಾಕು ಬಿಡೇ, ಕೈಲಾದಷ್ಟು ಮಾಡಿದ್ದೀಯ," ಎಂದು ನಾನು ಒಂದು ದಿನ ಹೇಳಿದೆ. "ಏಳು ಸರಿ ಮಾಡಿದೀನಿ ಅಂತ ಉಳಿದದ್ದು ಸುಡದೆ ಇರುತ್ತಾ?" ಎಂದಳು. ನನಗೆ ಉತ್ತರವಿರಲಿಲ್ಲ.

ಉತ್ತರವಿರಲಿಲ್ಲ ಎನ್ನುವುದು ಸುಳ್ಳು. ಆ ವ್ಯಾನಿಗೆ ಇನ್ನೊಂದು ಗುರುತು ಇತ್ತು, ಲೋಕದಲ್ಲಿ ಬೇರೆ ಯಾವ ವ್ಯಾನಿಗೂ ಇರಲಾರದಂಥದು. ಅದು ನನಗೊಬ್ಬಳಿಗೇ ಗೊತ್ತಿತ್ತು, ಎರಡು ತಿಂಗಳಿಂದ ಅದನ್ನು ನುಂಗಿಕೊಂಡು ಕೂತಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಶೆಡ್ಡಿಗೆ ಹೋದವಳೇ ಹಲಗೆ ಗೋಡೆಯ ಈಚೆಯಿಂದಲೇ ಹೇಳಿದೆ, ಮುಖ ತೋರಿಸುವ ಧೈರ್ಯವಿರಲಿಲ್ಲ.

"ಆ ಬಿಳಿ ವ್ಯಾನಿನ ಡ್ರೈವರ್ ಸೀಟಿನ ಬೆನ್ನಿಗೆ ಒಂದು ಜೇಬಿದೆ."

"ಎಲ್ಲದಕ್ಕೂ ಇರುತ್ತಲ್ಲ."

"ಇದನ್ನ ತಲೆಕೆಳಗಾಗಿ ಹೊಲಿದಿದ್ದೀನಿ. ಬಾಯಿ ಕೆಳಗಿದೆ. ಫೋಟೋದವರು ಕೇಳಿದ್ರು. ಧೂಳು ಬೀಳದೆ ಇರ್ಲಿ ಅಂತ ಹೊಸ ಡಿಸೈನು ಅಂದೆ."

ಆಚೆಯಿಂದ ಒಂದು ವಿಚಿತ್ರ ಶಬ್ದ ಬಂತು. ಅಳುತ್ತಿದ್ದಾಳೆ ಎಂದುಕೊಂಡು ಓಡಿಹೋಗಿ ನೋಡಿದರೆ, ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎರಡು ತಿಂಗಳಲ್ಲಿ ಮೊದಲ ನಗು. "ಧೂಳು ಬೀಳದೆ ಇರ್ಲಿ ಅಂತ!" ಎಂದು ಕಣ್ಣೊರೆಸಿಕೊಂಡಳು. ನನಗೆ ನಾಚಿಕೆಯಿಂದ ನೆಲಕ್ಕೆ ಇಳಿದುಹೋದ ಹಾಗಾಯಿತು.

ಹೊಸ ಚೀಟಿಯನ್ನು ನಾನೇ ಬರೆದೆ. 'ಡ್ರೈವರ್ ಸೀಟಿನ ಹಿಂದಿನ ಜೇಬು ತಲೆಕೆಳಗಾಗಿ ಹೊಲಿದಿರುವ ವ್ಯಾನು. ಹೊಲಿದವಳು ನಾನೇ.' ಎರಡನೇ ಸಾಲು ಬೇಕಾಗಿರಲಿಲ್ಲ, ಆದರೂ ಬರೆದೆ. ಹಳೆಯ ಚೀಟಿಗಳ ಮೇಲೆ ಇವನ್ನು ಅಂಟಿಸಲು ಇಬ್ಬರೂ ಹೋದೆವು. ಜನ ನಿಂತು ಓದಿ ನಕ್ಕರು, ಫೋನಿನಲ್ಲಿ ಫೋಟೋ ತೆಗೆದು ಒಬ್ಬರಿಗೊಬ್ಬರು ಕಳಿಸಿದರು. ನನ್ನ ಹೊಲಿಗೆಯ ಮಾನ ಊರೂರು ತಿರುಗಿತು.

ಆರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಫೋನ್ ಬಂತು. ಒಬ್ಬ ಹೆಂಗಸಿನ ದನಿ. "ತಲೆಕೆಳಗು ಜೇಬು ನಮ್ಮದೇ. ಯಾವ ಪುಣ್ಯಾತ್ಮರು ಹೊಲಿದ್ರು ಅಂತ ನಾಲ್ಕು ವರ್ಷದಿಂದ ನಗ್ತಾ ಇದ್ವಿ." ಬಾಗಿಲು ಹೇಗಿದೆ ಎಂದು ಅಕ್ಕ ಕೇಳಿದಳು. "ಒಂದೊಂದ್ಸಲ ಹಟ ಮಾಡುತ್ತೆ, ತಟ್ಟಿದ್ರೆ ಸರಿಹೋಗುತ್ತೆ. ಫ್ಯೂಸ್ ಹೋಗಿತ್ತು, ಹೋದ ವಾರ ಹೊಸದು ಹಾಕಿಸಿದ್ವಿ. ಈವತ್ತು ಮಧ್ಯಾಹ್ನ ಎಲ್ಲರೂ ಪ್ರಯಾಣ ಹೊರಟಿದೀವಿ, ಬಂದ ಮೇಲೆ ತೋರಿಸ್ತೀವಿ."

"ಹೊರಡಬೇಡಿ," ಎಂದಳು ಅಕ್ಕ. "ಬ್ಯಾಟರಿಯ ಕಪ್ಪು ವೈರನ್ನ ಯಾರಿಂದಾದ್ರೂ ಬಿಚ್ಚಿಸಿಡಿ. ವಿಳಾಸ ಕೊಡಿ, ನಾವು ಬರ್ತಿದ್ದೀವಿ."

ಆ ಊರಿಗೆ ಬಸ್ಸು ಸಂಜೆಗೆ. ನಾನು ಈಜಿನವಳಿಗೆ ಫೋನ್ ಮಾಡಿದೆ. "ಒಂಬತ್ತನೇದು ಸಿಕ್ಕಿದೆ," ಎಂದೆ, ಅಷ್ಟೇ. ಹದಿನೈದು ನಿಮಿಷದಲ್ಲಿ ತಮ್ಮನ ಕಾರು ತಂದಳು, ಕೂದಲಿನಿಂದ ಇನ್ನೂ ನೀರು ಸೋರುತ್ತಿತ್ತು. ದಾರಿ ಎರಡು ಗಂಟೆ ಹಿಡಿಯಿತು.

ಮನೆಯ ಮುಂದೆ ವ್ಯಾನು ನಿಂತಿತ್ತು. ಈಗ ಅದರ ಬಣ್ಣ ಕಂದು. ಹಿಂದೆ ಚೀಲಗಳು ಒಟ್ಟಿದ್ದವು. ಬಾಗಿಲ ಪಕ್ಕದ ಸೀಟಿನಲ್ಲಿ ಒಬ್ಬ ಮುದುಕರು ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದರು, ಫೋನ್ ಮಾಡಿದವಳ ಮಾವ. ಬ್ಯಾಟರಿ ಬಿಚ್ಚಿಸಲು ಮೆಕ್ಯಾನಿಕ್ ಸಿಕ್ಕಿರಲಿಲ್ಲವಂತೆ. "ಮೊಣಕಾಲು ಮಡಚಿ ಹತ್ತೋಕೆ ಅರ್ಧ ಗಂಟೆ ಹಿಡೀತು, ಇಳಿಯಲ್ಲ," ಎಂದರು ಮುದುಕರು. ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ಮುಂದೆ ಹೋಗಿ ಬ್ಯಾಟರಿಯ ವೈರು ಬಿಚ್ಚಿದಳು, ಆಮೇಲೆ ಬಂದು ಅವರ ಕಾಲಬುಡದಲ್ಲೇ ಮಂಡಿಯೂರಿ ಕೊಳವೆ ಸೀಳಿದಳು.

ಹಳದಿ ದಾರ. ಮೂರು ಬೆಸುಗೆಗಳು, ಮೂರೂ ಹೊಳೆಯುತ್ತಿದ್ದವು. ಎರಡರ ಅಂಚಿನಲ್ಲಿ ವೈರು ತುಂಡಾಗಿತ್ತು. ಮೂರನೆಯದು ನಾಲ್ಕೈದು ಎಳೆಗಳ ಮೇಲೆ ನಿಂತಿತ್ತು, ಸುತ್ತಲಿನ ಟೇಪು ಸುಟ್ಟು ಕಂದಾಗಿತ್ತು, ಬರಿಯ ತಾಮ್ರದ ತುದಿ ಬಾಗಿಲಿನ ಲೋಹಕ್ಕೆ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿತ್ತು. ಫ್ಯೂಸ್ ಪೆಟ್ಟಿಗೆ ತೆರೆದು ನೋಡಿದೆವು. ಹೋದ ವಾರ ಹಾಕಿದ್ದು ದೊಡ್ಡ ಫ್ಯೂಸು. ಈಜಿನವಳು ಅದನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡು ಸುಮ್ಮನೆ ನೋಡಿದಳು. ಆಮೇಲೆ ಮುದುಕರ ಕಂಬಳಿಯ ಅಂಚು ಬಾಗಿಲಿಗೆ ತಾಗಿದ್ದನ್ನು ಕಂಡು, ಬಗ್ಗಿ ಮೇಲಕ್ಕೆತ್ತಿ ಅವರ ಮಡಿಲಿಗೆ ಹಾಕಿದಳು.

ಅಕ್ಕ ಸೀಟು ಬಿಚ್ಚಲು ಶುರುಮಾಡಿದಳು. ಕೊನೆಗೂ ಮುದುಕರು ಗೊಣಗುತ್ತಾ ಇಳಿದರು. ಸೊಸೆ ಬಗ್ಗಿ ಕೊಳವೆಯೊಳಗೆ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ದೇವರೇ. ಇಲಿ ಕಡಿದಿದ್ದಾ?"

ಅಕ್ಕನ ಹಲ್ಲುಗಳ ನಡುವೆ ಟೇಪಿನ ಸುರುಳಿ ಇತ್ತು, ಮಾತಾಡುವ ಹಾಗಿರಲಿಲ್ಲ. ನನ್ನ ಕಡೆ ನೋಡಿದಳು. ಈಜಿನವಳೂ ನೋಡಿದಳು.

"ಇಲಿ ಅಲ್ಲಮ್ಮ," ಎಂದೆ. "ನಾವು. ಜೇಬೂ ನಾವೇ, ಇದೂ ನಾವೇ."

ಕೆಲಸ ಮುಗಿಯುವಾಗ ಸಂಜೆ ನಾಲ್ಕು ಗಂಟೆ ದಾಟಿತ್ತು. ಈಜಿನವಳು ನೀಲಿ ವ್ಯಾನಿನ ಕೀಲಿಯನ್ನು ಕೈಚೀಲದಿಂದ ತೆಗೆದು ಅಕ್ಕನ ಹತಾರದ ಪೆಟ್ಟಿಗೆಯೊಳಗೆ ಇಟ್ಟಳು. "ನಾಳೆ ನನ್ನದಕ್ಕೆ ಕೈ ಹಾಕಿ," ಎಂದಳು. ಅಕ್ಕ ತಲೆಯಾಡಿಸಿ, ಕೊನೆಯ ಟೇಪನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡು, ಹಿಂದೆ ತಿರುಗದೆಯೇ ನನ್ನ ಕಡೆ ಕೈ ಚಾಚಿದಳು. ನಾನು ದಾರ ಕೊಟ್ಟೆ.